ಹಗ್ಗದಾಚೆಯ ಗಿರಾಕಿ

ನಾನು, ವಯಸ್ಸು ಐವತ್ತಮೂರು, ಉದ್ಯೋಗ ಪುಸ್ತಕಗಳಿಗೆ ಬೈಂಡಿಂಗ್ ಹಾಕುವುದು, ವಾಸ ಗಡಿಯಾರ ಗೋಪುರದ ಹಿಂದಿನ ಬೀದಿಯ ಕಟಿಂಗ್ ಶಾಪಿನ ಮೇಲ್ಮನೆ, ಬೀದಿಯವರ ಬಾಯಲ್ಲಿ ಬೈಂಡಿಂಗ್ ಅಕ್ಕ, ಸಂಜೆ ಆರು ಗಂಟೆಗೆ ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಕೆಳಗಿನ ಕಟಿಂಗ್ ಶಾಪ್ ನಮ್ಮ ಯಜಮಾನರದು. ಅವರು ಇಂದು ಮಧ್ಯಾಹ್ನದಿಂದ ಕಾಣೆಯಾಗಿದ್ದಾರೆ. ಬೆಳಿಗ್ಗೆ ಕತ್ತರಿ ಹಿಡಿದರೆ ರಾತ್ರಿಯವರೆಗೂ ನಿಂತೇ ಇರುವ ಮನುಷ್ಯ. ಕಾಲು ಊದಿಕೊಂಡಿದೆ, ಕೂತು ಕೆಲಸ ಮಾಡಿ ಎಂದು ಡಾಕ್ಟರು ಹೇಳಿದ್ದಕ್ಕೆ, ನಾನು ಕೂತ್ರೆ ಗಿರಾಕಿನ ನೆಲದ ಮೇಲೆ ಮಲಗಿಸ್ಬೇಕಾಗುತ್ತೆ ಎಂದು ನಕ್ಕು ಬಂದವರು. ಅವರ ಕುರ್ಚಿಯಲ್ಲಿ ಕೂತವರು ನಿದ್ದೆ ಹೋಗುವುದು ಬೀದಿಗೆಲ್ಲ ಗೊತ್ತು. ಕೈ ಅಷ್ಟು ಹಗುರ. ಗಿರಾಕಿ ತಟ್ಟನೆ ಎಚ್ಚೆತ್ತು ಆಯ್ತಾ ಎಂದು ಕೇಳಿದರೆ, ಕೆಲಸ ಮುಗಿದು ಕಾಲು ಗಂಟೆಯಾಗಿದ್ದರೂ, ಇನ್ನೂ ಸ್ವಲ್ಪ ಇದೆ, ಮಲ್ಕೊಳಿ ಎನ್ನುತ್ತಾರೆ. ಬೆಂಚಿನ ಮೇಲೆ ಕಾಯುವವರು ಗೊಣಗಿದರೆ ಅವರ ಕೈಗೆ ಪೇಪರು ಕೊಡುತ್ತಾರೆ. ಅವರೇ ಹಗಲು ಹೊತ್ತು ಕಣ್ಣು ಮುಚ್ಚಿದ್ದನ್ನು ಮಾತ್ರ ನಾನು ನೋಡಿಲ್ಲ.

ಇಂದು ಅಂಗಡಿಗೆ ವಾರದ ರಜೆ. ಹಳೆಯ ಕೋರ್ಟು ಕಟ್ಟಡದಲ್ಲಿರುವ ಮ್ಯೂಸಿಯಂ ನೋಡೋಣ ಎಂದು ನಾನೇ ಹೊರಡಿಸಿದೆ. ಅಲ್ಲಿಯ ಕೆಲವು ಹಳೆಯ ಪುಸ್ತಕಗಳಿಗೆ ರಟ್ಟು ಹಾಕಿಕೊಟ್ಟಿದ್ದೆ. ಗಾಜಿನೊಳಗೆ ಹೇಗೆ ಕಾಣುತ್ತವೋ ಎಂಬ ಆಸೆ. ಮೂರು ಗಂಟೆಗೆ ಒಳಗೆ ಹೋದೆವು. ನ್ಯಾಯಾಧೀಶರು ಕೂರುತ್ತಿದ್ದ ಮೇಲಿನ ಹಾಲಿನಲ್ಲಿ ಈಗ ಚಿತ್ರಗಳಿವೆ. ಬಣ್ಣದ ಗಾಜಿನ ಕಿಟಕಿಯಿಂದ ಬಿಸಿಲಿಳಿದು ನೆಲ ಒಂದು ಕಡೆ ಹಸಿರು, ಒಂದು ಕಡೆ ನೀಲಿ. ನಾವಿಬ್ಬರೂ ಚಪ್ಪಲಿ ಸದ್ದಾಗದ ಹಾಗೆ ನಡೆಯುತ್ತಿದ್ದೆವು. ಒಂದು ಹೊಳೆಯ ಚಿತ್ರದಲ್ಲಿ ದೋಣಿ, ಹುಟ್ಟು ಹಾಕುವವನ ಮುಂದೆ ನಮಗೆ ಬೆನ್ನು ಮಾಡಿ ಕೂತ ಒಬ್ಬ ಹೆಂಗಸು. ಈಗ ತಿರುಗುತ್ತಾಳೆ, ಈಗ ತಿರುಗುತ್ತಾಳೆ ಎಂದು ಕಾಯುತ್ತಾ ನಿಂತೆ. ಎಷ್ಟು ಹೊತ್ತು ನಿಂತೆನೋ ತಿಳಿಯದು. ಠಾಣೆಯ ಸಾಹೇಬರು ಸಮಯ ಬೇಕೇ ಬೇಕು ಎನ್ನುವುದರಿಂದ ಹತ್ತು ನಿಮಿಷ ಎಂದು ಬರೆದುಕೊಳ್ಳಬಹುದು.

ಚಿತ್ರ ಹೇಗಿದೆ ಎಂದು ಯಜಮಾನರನ್ನು ಕೇಳಿದೆ. ಚೆನ್ನಾಗಿದೆ, ಆದರೆ ದೋಣಿಯವನಿಗೆ ಕಿವಿ ಹಿಂದೆ ಕೂದಲು ಜಾಸ್ತಿಯಾಗಿದೆ ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ನನಗೆ ರೇಗಿಹೋಯಿತು. ನೀವು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಎಂದುಬಿಟ್ಟೆ. ಹಂಗಾದ್ರೆ ಸ್ವಲ್ಪ ಹೊತ್ತು ಇಲ್ದೇ ಇದ್ದು ನೋಡ್ತೀನಿ ಕಣೇ ಎಂದು ಹೇಳಿ, ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಆಗ ಮೂರೂವರೆ ಆಗಿತ್ತು. ಆಮೇಲೆ ನಾನು ಅವರನ್ನು ನೋಡಿಲ್ಲ.

ನಾಲ್ಕು ಗಂಟೆಗೆ ನಾನೂ ಕೆಳಗಿಳಿದು ಒಂದೊಂದೇ ಕೋಣೆ ನೋಡಿದೆ. ಐದಕ್ಕೆ ಕಾವಲುಗಾರರು ಗಂಟೆ ಬಾರಿಸಿ ಎಲ್ಲರನ್ನೂ ಹೊರಡಿಸಿದರು. ಗೇಟಿನಲ್ಲಿ ಕಾದೆ, ಬರಲಿಲ್ಲ. ಮುನಿಸಿಕೊಂಡು ಮನೆಗೆ ಹೋಗಿರಬೇಕೆಂದು ಮನೆಗೆ ಬಂದರೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಆ ಕಾಲಿನಲ್ಲಿ ಎಲ್ಲಾದರೂ ಬಿದ್ದಿದ್ದಾರೋ, ಇಲ್ಲ, ನನ್ನ ಮಾತು ನಿಜವೆಂದುಕೊಂಡು ಹೋಗಿಯೇಬಿಟ್ಟರೋ. ಎರಡನೆಯದಕ್ಕೇ ನನಗೆ ಹೆಚ್ಚು ಹೆದರಿಕೆ.

ಸಾಹೇಬರು ಕಾಣೆಯಾದವರ ಚಹರೆ ಕೇಳಿದರು. ವಯಸ್ಸು ಐವತ್ತೆಂಟು ಎಂದೆ. ಎತ್ತರ, ನಮ್ಮ ಅಡುಗೆಮನೆಯ ಅಟ್ಟದ ಡಬ್ಬ ತೆಗೆದುಕೊಡುವಷ್ಟು ಎಂದೆ. ಕನ್ನಡಕ ಹಾಕುತ್ತಾರೆ. ಶರ್ಟಿನ ಬಣ್ಣ ಗಮನಿಸಿಲ್ಲ. ಮುಖದ ಮೇಲೆ ಗುರುತು ಏನಾದರೂ ಇದೆಯೇ ಎಂದಾಗ ಎಷ್ಟು ಯೋಚಿಸಿದರೂ ಮುಖವೇ ಕಣ್ಣ ಮುಂದೆ ಬರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ ಗಂಡನ ಮುಖ. ನಾಚಿಕೆಯಾಯಿತು, ಅಳುವೂ ಬಂತು. ಬರೆದುಕೊಳ್ಳುತ್ತಿರುವ ಮಹಿಳಾ ಪೇದೆ, ಗಾಬರೀಲಿ ಹಾಗಾಗುತ್ತೆ ಬಿಡಿ ಅಮ್ಮಾ, ಕೆಳಗೆ ಏನೇನು ನೋಡಿದ್ರಿ ಅಂತ ನಿಧಾನವಾಗಿ ಹೇಳಿ ಎಂದು ನೀರು ಕೊಟ್ಟರು.

ಕೆಳಗಿನ ಕೋಣೆಗಳಲ್ಲಿ ಹಿಂದಿನ ಕಾಲದ ಅಂಗಡಿಗಳನ್ನು ಇದ್ದ ಹಾಗೇ ಜೋಡಿಸಿ, ಆಳೆತ್ತರದ ಬೊಂಬೆಗಳನ್ನು ಇಟ್ಟಿದ್ದಾರೆ. ಕೊನೆಯದು ಕ್ಷೌರದ ಕೋಣೆ, ಬಾಗಿಲಿಗೆ ಅಡ್ಡ ಹಗ್ಗ. ಬಾಚಣಿಗೆ ಹಿಡಿದು ನಿಂತ ಕ್ಷೌರಿಕನ ಬೊಂಬೆ ಅಷ್ಟಕ್ಕಷ್ಟೆ. ಕುರ್ಚಿಯಲ್ಲಿದ್ದ ಗಿರಾಕಿಯ ಬೊಂಬೆಯಿಂದ ಮಾತ್ರ ಕಣ್ಣು ಕೀಳಲಾಗಲಿಲ್ಲ. ಕುರ್ಚಿಯ ಬೆನ್ನು ನನ್ನ ಕಡೆಗಿತ್ತು; ಮುಖ ಎದುರಿನ ಕನ್ನಡಿಯಲ್ಲಿ ಕಂಡಿತು. ಕುತ್ತಿಗೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ. ಕಣ್ಣು ಮುಚ್ಚಿತ್ತು. ಮೂಗಿನ ಎರಡೂ ಪಕ್ಕ ಕನ್ನಡಕ ಒತ್ತಿ ಒತ್ತಿ ಆದ ಕುಳಿ. ಕೆಳದುಟಿಯ ಒಂದು ಮೂಲೆ ಒಳಗೆ ಮಡಿಚಿಕೊಂಡಿತ್ತು, ತಮಾಷೆಯ ಮಾತೊಂದನ್ನು ತಡೆದುಕೊಂಡವರು ಮಾಡುತ್ತಾರಲ್ಲ, ಹಾಗೆ. ಒಂದು ಹುಬ್ಬಿನ ನಡುವೆ ಕೂದಲು ಹುಟ್ಟದ ಸಣ್ಣ ಗೆರೆ. ಬಿಳಿ ಬಟ್ಟೆ ಮೆಲ್ಲಗೆ ಏರಿ ಇಳಿದಂತೆ ಕಂಡಿತು, ಕಿಟಕಿಯ ಗಾಳಿ ಅಂದುಕೊಂಡೆ. ಮೇಲಿನ ದೋಣಿಯವಳು ತಿರುಗಿದ್ದರೆ ನೋಡುತ್ತಿದ್ದುದು ಈ ಮುಖವನ್ನೇ ಅನ್ನಿಸಿತು. ಎಷ್ಟು ಒಳ್ಳೆಯ ಮುಖ, ಇವನ ಜೊತೆ ಬಾಳಿದವಳು ಯಾರೋ, ಪುಣ್ಯವಂತೆ, ಎಂದುಕೊಂಡು ಹಗ್ಗ ಹಿಡಿದು ನಿಂತೇ ಇದ್ದೆ. ಗಂಟೆ ಬಾರಿಸಿದ ಮೇಲೂ ಒಮ್ಮೆ ತಿರುಗಿ ನೋಡಿಯೇ ಬಂದೆ.

ಗೆರೆ ಇದ್ದದ್ದು ಯಾವ ಹುಬ್ಬಿನಲ್ಲಿ ಎಂದು ಪೇದೆ ಕೇಳಿದರು. ಕನ್ನಡಿಯಲ್ಲಿ ಕಂಡದ್ದರಿಂದ ಗೊಂದಲವಾಗಿ, ಆ ಮುಖ ಎದುರಿಗಿದೆ ಎಂದುಕೊಂಡು ಬೆರಳು ಎತ್ತಿ ಗಾಳಿಯಲ್ಲಿ ಇಟ್ಟು ನೋಡಿದೆ. ಬಲ ಹುಬ್ಬು. ಬೆರಳಿಗೆ ಆ ಜಾಗ ಗೊತ್ತಿತ್ತು. ಮದುವೆಯಾದ ವಾರದಲ್ಲಿ ಇದೇನು ಎಂದು ಮುಟ್ಟಿ ಕೇಳಿದ್ದೆ. ಕೆಲಸ ಕಲಿಯುವಾಗ ನನ್ನ ಮುಖದ ಮೇಲೇ ಕತ್ತಿ ಆಡಿಸಿದ್ದೆ ಎಂದು ಯಜಮಾನರು ನಕ್ಕಿದ್ದರು.

ಇಲ್ಲಿಗೆ ಬರೆಯುವುದನ್ನು ನಿಲ್ಲಿಸಿ, ಕೂಡಲೇ ಮ್ಯೂಸಿಯಂನ ಬಾಗಿಲು ತೆಗೆಸಬೇಕೆಂದು ಕೇಳಿಕೊಂಡೆ.

ಮುಂದುವರಿದ ಹೇಳಿಕೆ, ಅದೇ ದಿನ ಸಂಜೆ ಏಳೂವರೆ ಗಂಟೆ:

ದಾರಿಯಲ್ಲಿ ಪೇದೆಯವರು, ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ, ಹಾಗಾಯ್ತಲ್ಲಮ್ಮಾ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಕಾವಲುಗಾರರು ಬೀಗ ತೆಗೆಯುತ್ತಾ, ಐದು ಗಂಟೆಗೆ ತಾವೂ ಆ ಕೋಣೆ ನೋಡಿದ್ದಾಗಿಯೂ, ಹೊಸ ಬೊಂಬೆ ತಂದಿರ್ಬೇಕು ಅಂದ್ಕೊಂಡೆ, ನಮಗ್ಯಾರು ಹೇಳ್ತಾರೆ ಎಂದೂ ಹೇಳಿದರು.

ಯಜಮಾನರು ಅದೇ ಕುರ್ಚಿಯಲ್ಲಿದ್ದರು. ಕನ್ನಡಕ ಮಡಿಸಿ ಕನ್ನಡಿಯ ಕೆಳಗಿಟ್ಟಿದ್ದರು. ಬಿಳಿ ಬಟ್ಟೆಯನ್ನು ಗೂಟದಿಂದ ತೆಗೆದು ತಾವೇ ಕಟ್ಟಿಕೊಂಡಿದ್ದಿರಬೇಕು. ಬಟ್ಟೆ ಹೊದೆಯದೆ ಆ ಕುರ್ಚಿಯಲ್ಲಿ ಕೂರುವುದು ಅವರ ಕಸುಬಿನಲ್ಲಿ ಇಲ್ಲ. ಎಲ್ಲರೂ ಹೊರಗೇ ಇರಿ ಎಂದು ಕೇಳಿಕೊಂಡು ನಾನೊಬ್ಬಳೇ ಹಗ್ಗ ದಾಟಿದೆ. ಈ ಸಲ ಕನ್ನಡಿಯನ್ನು ನೋಡದೆ ಮುಂದೆ ಹೋಗಿ ಮುಖವನ್ನೇ ನೋಡಿದೆ. ಬಲ ಹುಬ್ಬಿನ ಮೇಲೆ ಬೆರಳಿಟ್ಟೆ. ಅವರು ಕಣ್ಣು ತೆರೆಯದೆ, ಆಯ್ತಾ ಎಂದು ಕೇಳಿದರು.

ಇನ್ನೂ ಸ್ವಲ್ಪ ಇದೆ, ಮಲ್ಕೊಳಿ ಎಂದೆ.

ಅವರು ಮತ್ತೆ ನಿದ್ದೆ ಹೋಗಿದ್ದಾರೆ. ಕಾಣೆಯಾದ ದೂರನ್ನು ಹಿಂಪಡೆಯುತ್ತೇನೆ. ಹಗ್ಗ ದಾಟಿದ ತಪ್ಪು ಇಬ್ಬರದೂ, ಅದಕ್ಕೆ ಮ್ಯೂಸಿಯಂನವರ ಕ್ಷಮೆ ಕೇಳುತ್ತೇನೆ. ಆದರೆ ಠಾಣೆಯಲ್ಲಿ ನಾನು ಹೇಳಲಾಗದೆ ಹೋದ ಚಹರೆಯನ್ನು ದಯವಿಟ್ಟು ಈಗ ಬರೆದುಕೊಳ್ಳಬೇಕು. ಬಲ ಹುಬ್ಬಿನಲ್ಲಿ ಗೆರೆ. ಕೆಳದುಟಿಯ ಎಡ ಮೂಲೆ ಒಳಗೆ ಮಡಿಚಿಕೊಂಡಿದೆ. ಎರಡೂ ಪಾದ ಊದಿವೆ. ಶರ್ಟು ತಿಳಿನೀಲಿ, ಎರಡನೆಯ ಗುಂಡಿಯ ದಾರ ಕಪ್ಪು, ಹೊಲಿದವಳು ನಾನೇ.

ಪೇದೆಯವರು ಮೆಲುದನಿಯಲ್ಲಿ ಓದಿ ಹೇಳಿದ್ದನ್ನು ಕೇಳಿದೆ. ನಾನು ಕಂಡದ್ದು ಕಂಡ ಹಾಗೆ ಇದೆ, ಸತ್ಯವಾಗಿದೆ. ತಡವಾಗಿ ಕಂಡೆ ಎಂಬುದೂ ಸತ್ಯ.

ಸ್ಥಳ: ಮ್ಯೂಸಿಯಂನ ಕ್ಷೌರದ ಕೋಣೆ, ಹಗ್ಗದ ಒಳಗೆ
ದಿನಾಂಕ: ಅಂಗಡಿಯ ವಾರದ ರಜೆಯ ದಿನ
ಸಹಿ: ಬೈಂಡಿಂಗ್ ಅಕ್ಕ, ಕುರ್ಚಿಯಲ್ಲಿರುವವರ ಹೆಂಡತಿ