ಅಪ್ಪನ ಅಂಬಾಸಿಡರ್

ಅರಸೀಕೆರೆ ಬಸ್ ನಿಲ್ದಾಣದಲ್ಲಿ ಬೇಲೂರು ಬಸ್ಸಿಗೆ ಕಾಯುತ್ತಿದ್ದ ಆಶಾರಾಣಿಗೆ ಪಕ್ಕದಲ್ಲೇ ನಿಂತಿದ್ದ ಅಕ್ಕ ತಮ್ಮನ ಮಾತು ಕಿವಿಗೆ ಬಿತ್ತು. ತಮ್ಮ ಅಕ್ಕನನ್ನು ಕಣಕಟ್ಟೆಗೆ ಕರೆದೊಯ್ಯಲು ಕಾರು ತಂದಿದ್ದ. ಕಾರು ನೋಡಿದ ಅಕ್ಕ ಬ್ಯಾಗನ್ನು ಅವನ ಕೈಗೆ ಕೊಡಲೇ ಇಲ್ಲ.

“ಅಪ್ಪನ ಅಂಬಾಸಿಡರ್ ರಿಪೇರಿ ಮಾಡಿಸ್ತೀನಿ ಅಂತ ನೀನೇ ಅಂದಿದ್ದೆ ಕಣೋ ಇಂದ್ರೇಶ. ನಾನೇ ಅಪ್ಪನ್ನ ಒಪ್ಪಿಸಿ ಕೀ ಕೊಡ್ಸಿದ್ದು.”

“ಮೂತಿ ಅದರದ್ದೇ ಅಲ್ವೇನಕ್ಕ? ಬಾಗಿಲು ಫಿಯಟ್‌ದು, ಎಂಜಿನ್ ಜೀಪಿಂದು. ಇಂಥ ಕಾರು ಜಿಲ್ಲೇಲೇ ಇನ್ನೊಂದಿಲ್ಲ.”

“ಉಳಿದಿದ್ದು?”

“ಗುಜರಿಗೆ ಹಾಕ್ದೆ.”

“ಅಪ್ಪಂಗೆ ಹೇಳಿದ್ಯಾ?”

“ಅವರಿಗೆ ಕಣ್ಣು ಕಾಣಲ್ವಲ್ಲ, ಗೊತ್ತಾಗಲ್ಲ ಅನ್ಕಂಡೆ. ನಿನ್ನೆ ಕೂರ್ಸೋಕೆ ಹೋದ್ರೆ ಬಾಗಿಲು ಸವರಿ, ಇದ್ಯಾರ ಕಾರಪ್ಪಾ ಅಂದ್ರು.”

“ನೀನೇನಂದೆ?”

ಅವನು ತಲೆ ತಗ್ಗಿಸಿದ.

“ಬಾಡಿಗೆದು, ನಮ್ದಿನ್ನೂ ಗ್ಯಾರೇಜಲ್ಲೈತೆ ಅಂದೆ.”

ಅಕ್ಕನ ಕಣ್ಣು ತುಂಬಿ ಬಂತು.

“ಅದಕ್ಕೆ ಅಪ್ಪ?”

“ಅವಸರ ಮಾಡಬ್ಯಾಡ, ನಿಧಾನಕ್ಕೇ ಮಾಡ್ಲಿ ಬಿಡು ಅಂದ್ರು.”

ಕಣಕಟ್ಟೆ ಬಸ್ಸು ಬಂದು ನಿಂತಿತು. ಅಕ್ಕ ಬ್ಯಾಗನ್ನು ಹೆಗಲಿಗೇರಿಸಿಕೊಂಡಳು.

“ನಾನು ಬಸ್ಸಲ್ಲೇ ಹೋಗ್ತೀನಿ. ಅಪ್ಪಂಗೆ ನಾನೇ ಹೇಳ್ತೀನಿ. ಅಲ್ಲಿವರೆಗೂ ನೀನು ಮನೆಗೆ ಬರಬ್ಯಾಡ.”

ಬಸ್ಸು ಹೊರಟಿತು. ಇಂದ್ರೇಶ ಕಾರಿನ ಹತ್ತಿರ ಹೋಗದೆ, ಬಸ್ಸು ಹೋದ ದಾರಿಯನ್ನೇ ನೋಡುತ್ತ ನಿಂತಿದ್ದ.