ಆರು ಗುಂಡಿಯ ಕೋಟು

ಓಶ್ ಪಟ್ಟಣದ ಆಸ್ಪತ್ರೆಯಲ್ಲಿ ಅಂಗವಿಕಲರ ಪಿಂಚಣಿ ಮಂಡಳಿಯ ಬಾಗಿಲೆದುರು ಬುರುಲ್ ತನ್ನ ಗಂಡನ ಕಾಗದಪತ್ರ ಹಿಡಿದು ಕೂತಿದ್ದಳು. ಅದೇ ಬೆಂಚಿನ ಮೇಲೆ ಒಬ್ಬ ತಾಯಿ, ಪಕ್ಕದಲ್ಲಿ ಕೈಗಳೆರಡೂ ಸೊಟ್ಟಗಿದ್ದ ಮಗಳು ಬೇಗಾಯ್. ಅವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಓಲೆ ಬಿಚ್ಚು, ಬೇಗಾಯ್. ಒಳಗೇನು ಗಂಡಿನ ಕಡೆಯೋರು ಕೂತಿದ್ದಾರಾ?"

"ನೀನೇ ಅಲ್ವಾ ಹಾಕಿದ್ದು?"

"ಮನೆಯಿಂದ ಹೊರಡೋವಾಗ ಹಾಕೋ ಅಭ್ಯಾಸ, ಹಾಕ್ಬಿಟ್ಟೆ. ಕೋಟಿನ ಗುಂಡಿ ಯಾರು ಹಾಕಿದ್ದು?"

"ನಾನೇ. ಆರೂ."

"ಬಿಚ್ಚು. ಡಾಕ್ಟರು ಹಾಕು ಅಂತಾರೆ. ಬರಲ್ಲ ಅನ್ನು."

"ಎರಡು ವರ್ಷ ಕಷ್ಟಪಟ್ಟು ಕಲಿತಿದ್ದೀನಮ್ಮ."

"ಹದಿನೆಂಟು ತುಂಬ್ತು, ಮಕ್ಕಳ ಪಿಂಚಣಿ ನಿಂತೋಯ್ತು. ಗುಂಡಿ ಹಾಕೋಳಿಗೆ ದೊಡ್ಡೋರ ಪಿಂಚಣಿ ಯಾರು ಕೊಡ್ತಾರೆ? ನಾನು ಸತ್ತ ಮೇಲೆ ಆ ಗುಂಡಿ ತಿಂದು ಬದುಕ್ತೀಯಾ?"

"ಮತ್ತೆ ಏನಂತ ಹೇಳ್ಲಿ?"

"ಯಾವ ಕೆಲಸಕ್ಕೂ ಬಾರದೋಳು ಅನ್ನು. ಮುಖಾನೂ ಹಾಗೇ ಇಟ್ಕೋ."

ಒಳಗಿನಿಂದ ಕರೆ ಬಂತು. ಕಾಲು ಗಂಟೆಯ ಮೇಲೆ ಹೊರಬಂದ ತಾಯಿಯ ಕೈಯಲ್ಲಿ ಮೊಹರು ಬಿದ್ದ ಕಾಗದವಿತ್ತು, ಮುಖ ಅರಳಿತ್ತು.

"ಎಷ್ಟು ಚೆನ್ನಾಗಿ ಮಾಡ್ದೆ, ನನ್ನ ಬಂಗಾರ! ನನಗೇ ನಿಜ ಅನ್ನಿಸ್ತು. ಬೇಗ ಗುಂಡಿ ಹಾಕ್ಕೋ, ಹೊರಗೆ ಹಿಮ ಬೀಳ್ತಿದೆ."

ಹುಡುಗಿ ಕೈ ಎತ್ತಲಿಲ್ಲ.

"ನೀನೇ ಹಾಕು. ನನಗೆ ಬರಲ್ಲ. ಮೊಹರು ಒತ್ತಿ ಕೊಟ್ಟಿದ್ದಾರಲ್ಲ, ಓದ್ಕೋ."

ತಾಯಿ ಮೊಣಕಾಲೂರಿ ಒಂದೊಂದಾಗಿ ಆರೂ ಗುಂಡಿ ಹಾಕಿದಳು.

"ಸೊಟ್ಟಗಾಯ್ತು," ಎಂದಳು ಮಗಳು. "ಬಿಚ್ಚಿ ಮತ್ತೆ ಹಾಕು."

ತಾಯಿ ಎರಡನೆಯ ಸಲ ಹಾಕಿ ಮುಗಿಸಿದ ಮೇಲೆಯೇ ಮಗಳು ಮೆಟ್ಟಿಲ ಕಡೆ ಹೆಜ್ಜೆಯಿಟ್ಟಳು.