ಕಾಲಾಳಿನ ಬೂಟಿನ ದಾರ

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ಬಾಯಿ ಮುಚ್ಕೊಂಡು ಕೇಳಿ. ಇದು ನಮ್ಮ ದೊಡ್ಡಪ್ಪನ ಮಗನಿಗೆ ಆಗಿದ್ದು... ನಾನೂ ಜೊತೆಗಿದ್ದೆ.

ಮಾರನೇ ದಿನ ಅಣ್ಣನಿಗೆ ಸೈನ್ಯಕ್ಕೆ ಸೇರೋ ಓಟದ ಪರೀಕ್ಷೆ. ವಯಸ್ಸು ಮೀರ್ತಿತ್ತು, ಅದೇ ಕೊನೇ ಸಲ. ಧೈರ್ಯ ಬರ್ಲಿ ಅಂತ ಸಂಜೆ ಇಬ್ರೂ ಕಾಲಾಳುಗಳ ಮ್ಯೂಸಿಯಂಗೆ ಹೋದ್ವಿ. ಕುದುರೆ ಇಲ್ಲ, ಫಿರಂಗಿ ಇಲ್ಲ. ಬರೀ ನಡೆದೂ ನಡೆದೂ ಸತ್ತವರ ತಟ್ಟೆ, ಕಂಬಳಿ, ತೂತು ಬಿದ್ದ ಟೋಪಿ. ಕೊನೇ ಕೋಣೇಲಿ ಒಂದು ಮೇಣದ ಸಿಪಾಯಿ. ಬೂಟು ಮಾತ್ರ ನಿಜವಾಗ್ಲೂ ಸತ್ತವನದೇ. ಪಕ್ಕದ ಫಲಕಾನ ಅಕ್ಷರ ಕೂಡಿಸಿ ಕೂಡಿಸಿ ಓದ್ದೆ: 'ಹಿಂದೆ ಸರಿಯುವಾಗ ಬೂಟಿನ ದಾರ ತೊಡರಿ ಬಿದ್ದ. ಜೊತೆಯವರು ನಿಲ್ಲಲಿಲ್ಲ.'

"ಅಯ್ಯೋ, ದಾರ ಕಟ್ಟೋಕೂ ಬರ್ತಿರ್ಲಿಲ್ವಾ ಇವ್ನಿಗೆ?" ಅಂದ ಅಣ್ಣ.

"ನೀನೇ ಕಟ್ಟಿಕೊಡಣ್ಣ, ಪುಣ್ಯ ಬರುತ್ತೆ." ಕಿಡಿ ಹಚ್ಚಿದ್ದು ನಾನೇ, ಒಪ್ಕೋತೀನಿ.

ಅಡ್ಡ ಕಟ್ಟಿದ ಹಗ್ಗ ದಾಟಿ, ಕುಕ್ಕರುಗಾಲಲ್ಲಿ ಕೂತು, ಎಡಬೂಟಿನ ಚರ್ಮದ ದಾರಾನ ಬಲಬೂಟಿಗೆ ಗಂಟು ಹಾಕ್ದ. ಕಿಸಕ್ಕಂತ ನಕ್ಕು ಹೊರಗೆ ಓಡಿದ್ವಿ.

ಮನೆ ದಾರೀಲಿ ಕತ್ತಲಾಗಿತ್ತು. ಹಾಳುಬಾವಿ ದಾಟ್ತಿದ್ದಂಗೆ... ಹಿಂದೆ ಸದ್ದು. ಧಪ್... ಧಪ್... ನಡೆಯೋ ಸದ್ದಲ್ಲ. ಎರಡೂ ಕಾಲು ಜೋಡಿಸಿ ಕುಪ್ಪಳಿಸೋ ಸದ್ದು.

"ಅಣ್ಣ... ಕೇಳ್ತಾ?"

"ಹೂಂ."

"ವಾಪಸ್ ಹೋಗಿ ಬಿಚ್ಚಿಬಿಡೋಣ."

"ಓಟ ಮುಗೀಲಿ, ನಾಳೆ ಬಿಚ್ತೀನಿ. ಈಗ ನಿಲ್ಬೇಡ ಕಣೋ!"

ಧಪ್. ಕಿವಿ ಪಕ್ಕದಲ್ಲೇ ಯಾರೋ ಉಸಿರುಬಿಟ್ಟಂಗೆ...

"ನೀವ್ಯಾರೂ ನಿಲ್ಲಲ್ವಲ್ಲ."

ಮನೆ ಹೊಸ್ತಿಲು ದಾಟಿದ್ದು ಹೇಗೋ ನನಗೆ ನೆನಪಿಲ್ಲ.

ಬೆಳಿಗ್ಗೆ ಅಣ್ಣನ ಶೂ ದಾರ ನಾನೇ ಎರಡೆರಡು ಗಂಟು ಹಾಕಿ ಕಟ್ದೆ. ಎಲ್ಲರಿಗಿಂತ ಮುಂದಿದ್ದ. ಸುಣ್ಣದ ಗೆರೆಗೆ ಇನ್ನು ಹತ್ತೇ ಹೆಜ್ಜೆ... ಮುಗ್ಗರಿಸಿದ. ಲಟಕ್! ಮೊಣಕಾಲು ಚಿಪ್ಪು. "ನಿಲ್ರೋ!" ಅಂತ ಕಿರುಚಿದ. ಹಿಂದಿದ್ದೋರು ಅವನನ್ನ ದಾಟಿಕೊಂಡೇ ಓಡಿದ್ರು. ಒಬ್ಬನೂ ನಿಲ್ಲಲಿಲ್ಲ.

ನಾನು ಹೋಗಿ ನೋಡಿದ್ರೆ, ಕಟ್ಟಿದ ಬಿಳೀ ದಾರ ಕಟ್ಟಿದಂಗೇ ಇದೆ. ಅದರ ಮೇಲೆ ಎರಡೂ ಕಾಲು ಸೇರಿಸಿ ಹಳೇ ಚರ್ಮದ ದಾರ ಬಿಗಿದಿದೆ.

ಅಣ್ಣ ಈಗಲೂ ಕುಂಟ್ತಾನೆ. ಸೈನ್ಯದ ಮಾತೆತ್ತಿದ್ರೆ ಎದ್ದು ಹೋಗ್ತಾನೆ. ನಾನು ಚಪ್ಪಲಿ ಬಿಟ್ಟು ಬೇರೇನೂ ಹಾಕಲ್ಲ.

ಓಟದ ದಿನ ಸಂಜೆ ತಪ್ಪಾಯ್ತು ಅನ್ನೋಕೆ ಮ್ಯೂಸಿಯಂಗೆ ಒಬ್ಬನೇ ಹೋಗಿದ್ದೆ. ಸಿಪಾಯಿ ನಿಂತಲ್ಲೇ ನಿಂತಿದ್ದ. ಬೂಟಲ್ಲಿ ದಾರ ಇರ್ಲಿಲ್ಲ. ಬೂಟಿನ ಮೂತಿಗೆ ಸುಣ್ಣ ಮೆತ್ತಿತ್ತು... ಸುಳ್ಳಲ್ಲ, ಈ ಬೆರಳಲ್ಲೇ ಮುಟ್ಟಿದ್ದೀನಿ. ಇನ್ನೂ ಹಸಿ ಇತ್ತು.